ಬಿಸಿಲಿಗೆ ಜಗ್ಗದ ಅಳತೆ

ಸಕಲೇಶಪುರ, ಆಲೂರಿನ ಕಡೆ ಚಳಿಗಾಲದ ಬೆಳಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನಕ್ಕೆ ಅದು ಹೆಗಲ ಮೇಲೆ. ನಮಗಿದು ಮಾಮೂಲು. ಆದರೆ ಫೈಬರಿನಲ್ಲಿ ಒಟ್ಟಿಗೆ ಬರುವ ಹಲವು ಬಣ್ಣದ ಬೆಳಕನ್ನು ಬಿಡಿಸಿಕೊಡುವ ಗಾಜಿನ ಚಿಪ್‌ಗೆ ಹಾಗಲ್ಲ. ಬಿಸಿ ಒಂದು ಡಿಗ್ರಿ ಏರಿದರೆ ಅದು ಆರಿಸುವ ತರಂಗಾಂತರ ಸುಮಾರು 0.01 ನ್ಯಾನೋಮೀಟರ್ ಸರಿಯುತ್ತದೆ. ಎರಡು ಚಾನೆಲ್‌ಗಳ ನಡುವಿನ ಅಂತರ ಎಷ್ಟೋ ಸಲ ಬರೀ 0.8. ಮೂವತ್ತು ಡಿಗ್ರಿ ಏರಿತೆಂದರೆ ಬೆಳಕು ದಾರಿ ತಪ್ಪಿತು ಅಂತಲೇ. ಹೀಟರ್ ಇಟ್ಟು ಚಿಪ್ಪನ್ನು ಸದಾ ಒಂದೇ ಬಿಸಿಯಲ್ಲಿ ಇಡಬಹುದು ನಿಜ. ಕರೆಂಟು ಹೋದರೆ? ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಮಾಷೆಯೆಂದರೆ ಈ ತಲೆನೋವು ನಮ್ಮ ನಾಡಿಗೆ ಹಳೆಯದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಒಂದು ಗೆರೆ ಅಳೆದ. 1804ರಲ್ಲಿ ಅಲ್ಲೇ ಮತ್ತೊಮ್ಮೆ ಅಳೆಸಿದ. ಮದರಾಸಿನಿಂದ ಹೊರಟ ಅವನ ತ್ರಿಕೋನಗಳ ಸಾಲು ಮೈಸೂರು ಸೀಮೆ ಹಾದು, ಪಶ್ಚಿಮ ಘಟ್ಟ ದಾಟಿ ಮಂಗಳೂರು ಮುಟ್ಟಿತು. ಕೈಯಲ್ಲಿದ್ದದ್ದು ನೂರು ಅಡಿಯ ಉಕ್ಕಿನ ಸರಪಳಿ. ಲೆಕ್ಕ ಹಾಕಿ ನೋಡಿ: ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಏಳು ಮೈಲಿಯ ಅಳತೆಯಲ್ಲಿ ನಾಲ್ಕು ಅಡಿಗೂ ಹೆಚ್ಚು ವ್ಯತ್ಯಾಸ! ಬುಡದ ಗೆರೆಯೇ ತಪ್ಪಿದರೆ ಅದರ ಮೇಲೆ ನಿಂತ ಬೆಟ್ಟಗಳ ದೂರವೆಲ್ಲ ತಪ್ಪು. ಅದಕ್ಕೇ ಸರಪಳಿಯನ್ನು ನೆರಳಲ್ಲಿ ಮರದ ಪೆಟ್ಟಿಗೆಗಳ ಮೇಲೆ ಹಾಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಓದಿದ ಬಿಸಿಗೆ ತಕ್ಕಂತೆ ಉದ್ದವನ್ನು ತಿದ್ದುತ್ತಿದ್ದರು.

ಇದು ಕಾವಲು ಕಾಯುವ ದಾರಿ. ಇನ್ನೊಂದು ದಾರಿ ಹುಡುಕಿದವನು ಥಾಮಸ್ ಕೋಲ್ಬಿ. 1827ರಲ್ಲಿ ಐರ್ಲೆಂಡಿನ ಸರ್ವೆಯಲ್ಲಿ ಅವನು ಬಳಸಿದ್ದು ಹತ್ತಡಿಯ ಜೋಡಿ ಸಲಾಕೆ, ಒಂದು ಹಿತ್ತಾಳೆ, ಒಂದು ಕಬ್ಬಿಣ. ನಡುವಿನಲ್ಲಿ ಬಿಗಿದು, ಎರಡೂ ತುದಿಗೆ ಅಡ್ಡಲಾಗಿ ಒಂದೊಂದು ನಾಲಿಗೆ. ಬಿಸಿಯಾದರೆ ಹಿತ್ತಾಳೆ ಹೆಚ್ಚು ಹಿಗ್ಗಿ ನಾಲಿಗೆ ವಾಲುತ್ತದೆ. ಆದರೆ ನಾಲಿಗೆಯ ಮೇಲೆ ಸರಿಯಾದ ಜಾಗ ಹುಡುಕಿ ಕೊರೆದ ಚುಕ್ಕೆ ಮಾತ್ರ ಇದ್ದಲ್ಲೇ ಇರುತ್ತದೆ! ಇವೇ ಸಲಾಕೆಗಳ ಪದ್ಧತಿಯಲ್ಲಿ 1841ರಲ್ಲಿ ಬೀದರ್, 1868ರಲ್ಲಿ ಬೆಂಗಳೂರಿನ ಗೆರೆಗಳನ್ನು ಅಳೆದರು.

ಈಗ ಚಿಪ್ಪಿಗೆ ಬನ್ನಿ. 1997ರಲ್ಲಿ ಜಪಾನಿನ ಎನ್‌ಟಿಟಿಯ ಸಂಶೋಧಕರು ಬೆಳಕಿನ ಗಾಜಿನ ದಾರಿಗಳಿಗೆ ಅಡ್ಡಲಾಗಿ ಗಾಡಿ ಕೊರೆದು ಸಿಲಿಕೋನ್ ಅಂಟು ತುಂಬಿದರು. ಬಿಸಿಗೆ ಗಾಜಿನ ವಕ್ರೀಭವನ ಸೂಚ್ಯಂಕ ಏರುತ್ತದೆ, ಸಿಲಿಕೋನಿನದು ಬಹಳ ಜೋರಾಗಿ ಇಳಿಯುತ್ತದೆ. ಹಾಗಾಗಿ ಚಿಟಿಕೆಯಷ್ಟು ಅಂಟು ಸಾಕು. ಸೊನ್ನೆಯಿಂದ 85 ಡಿಗ್ರಿವರೆಗೆ ಬಿಸಿ ಬದಲಾದರೂ ತರಂಗಾಂತರ ಸರಿದದ್ದು 0.05 ನ್ಯಾನೋಮೀಟರ್. ಹೀಟರ್ ಇಲ್ಲ, ಕರೆಂಟಿನ ಹಂಗಿಲ್ಲ.

ಕೋಲ್ಬಿಯದು ಸಲಾಕೆಯ ಉದ್ದ, ಇವರದು ಬೆಳಕಿನ ದಾರಿಯ ಉದ್ದ. ಉಪಾಯ ಮಾತ್ರ ಒಂದೇ. ಬಿಸಿಯನ್ನು ತಡೆಯುವ ಗೋಜಿಗೆ ಹೋಗದೆ, ಒಂದರ ಚಪಲವನ್ನು ಇನ್ನೊಂದರ ಚಪಲದಿಂದ ತೂಗಿಬಿಟ್ಟರು. ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕು ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ ನೋಡಿ.