ಕಂಪನಿಯ ಹುಡುಗ ಕಾಶಿಗೆ ಹೊರಟದ್ದು

ಬಂಟ್ವಾಳದ ಮಂಚಿ ಕಡೆಯ ಹುಡುಗನೊಬ್ಬ ಮನೆಯಲ್ಲಿ ಹೇಳದೆ ಕೇಳದೆ ಓಡಿಬಂದು ಗುಬ್ಬಿ ಕಂಪನಿ ಸೇರಿಕೊಂಡ. ನಾಟಕದ ಹುಚ್ಚಿಗೆ ಮನೆ ಬಿಟ್ಟವರು ಆ ಕಾಲದ ಕಂಪನಿಗಳಲ್ಲಿ ಬೇಕಾದಷ್ಟು ಮಂದಿ ಇದ್ದರು. ಅದರಲ್ಲೇನೂ ಹೊಸತಿಲ್ಲ. ಹೊಸತು ನಡೆದದ್ದು ಆಮೇಲೆ. ಕಂಪನಿಯ ಯಜಮಾನರು ಆ ಹುಡುಗನನ್ನು ಎಂ.ಎ. ಓದಲೆಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಕಳಿಸಿಬಿಟ್ಟರು. ಹುಡುಗ ಬಿ.ವಿ. ಕಾರಂತ, ಯಜಮಾನರು ಗುಬ್ಬಿ ವೀರಣ್ಣ.

ಇದು ಯಾವ ಲೆಕ್ಕಕ್ಕೂ ಕೂಡಿಬರುವ ಮಾತಲ್ಲ. ತಿದ್ದಿ ತೀಡಿದ ನಟ ಕೈತಪ್ಪಿ ಹೋಗುವುದೇ ನಾಟಕ ಕಂಪನಿಗಳಿಗಿದ್ದ ದೊಡ್ಡ ಭಯ. ಇಂದು ನಮ್ಮ ಡೇರೆಯಲ್ಲಿ ಪಾರ್ಟು ಕಲಿತವನು ನಾಳೆ ಪಕ್ಕದೂರಲ್ಲಿ ಮೊಕ್ಕಾಂ ಹೂಡಿದ ಕಂಪನಿಯಲ್ಲಿ ಬಣ್ಣ ಹಚ್ಚಿಕೊಂಡಿರಬಹುದು. ಅಂಥದ್ದರಲ್ಲಿ ಯಜಮಾನನೇ ಮುಂದೆ ನಿಂತು, ತನ್ನ ಹುಡುಗನನ್ನು ಕಾಶಿಯ ರೈಲು ಹತ್ತಿಸುವುದೆಂದರೆ!

ವೀರಣ್ಣ ಸ್ವತಃ ಡೇರೆಯಲ್ಲಿ ಬೆಳೆದವರು. ತುಮಕೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಅವರು ಇನ್ನೂ ಪುಟ್ಟ ಹುಡುಗನಾಗಿದ್ದಾಗಲೇ ಸೇರಿದರು. 1917ರಲ್ಲಿ ಆ ಕಂಪನಿಯೇ ಅವರ ಕೈಗೆ ಬಂತು. ಯಜಮಾನರಾದ ಮೇಲೂ ಅವರು ಆರಿಸಿಕೊಂಡದ್ದು ರಾಜನ ಕಿರೀಟವನ್ನಲ್ಲ, ಹಾಸ್ಯಗಾರನ ವೇಷವನ್ನು. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರಕ್ಕೆಂದೇ ಜನ ಸೇರುತ್ತಿದ್ದರು. ಹಾಸ್ಯಗಾರನಿಗೆ ಒಂದು ಅನುಕೂಲವುಂಟು. ಎದುರಿನವನು ಎಲ್ಲಿ ತಡವರಿಸಿದ, ಯಾರ ಹಾಡಿಗೆ ಹಿಂದಿನ ಸಾಲಿನವರು ಕಿವಿ ನಿಮಿರಿಸಿದರು ಎಂಬುದು ಅವನಿಗೆ ರಂಗದ ಮೇಲೆ ನಿಂತೇ ತಿಳಿಯುತ್ತದೆ. ವೀರಣ್ಣನವರಿಗೆ ಆಳುಗಳ ಅಳತೆ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು.

ಕಂಪನಿಯಲ್ಲಿ ಪಾಠ ಎಂಬ ಹೆಸರಿನಲ್ಲಿ ಕಲಿಸಿದ್ದಕ್ಕಿಂತ ನೋಡಿ ಕಲಿತದ್ದೇ ಹೆಚ್ಚು. ರಾತ್ರಿಯೆಲ್ಲ ನಾಟಕ, ಬೆಳಗಿನ ಜಾವಕ್ಕೆ ಮಂಗಳ. ನಿದ್ದೆ ಮುಗಿಸಿ ಎದ್ದರೆ ಹಾರ್ಮೋನಿಯಂ ಮಾಸ್ತರರ ಮುಂದೆ ಹುಡುಗರ ಸಾಲು. ಮೈಕ್ ಇಲ್ಲದ ದಿನಗಳವು. ಕಂದಪದ್ಯದ ಕೊನೆಯ ಅಕ್ಷರ ನಾಲ್ಕಾಣೆ ಟಿಕೆಟ್ಟಿನವನಿಗೂ ಒಡೆದು ಕೇಳಬೇಕು; ಇಲ್ಲವಾದರೆ ಮತ್ತೆ ಮೊದಲಿನಿಂದ. ಪಾರ್ಟು ಇಲ್ಲದ ರಾತ್ರಿ ಹುಡುಗ ಪರದೆ ಎಳೆಯಬೇಕು, ಪೋಷಾಕು ಮಡಿಸಬೇಕು, ಸೈಡ್‌ವಿಂಗಿನಲ್ಲಿ ನಿಂತು ದೊಡ್ಡವರ ಮಾತುಗಳನ್ನು ಗುಣುಗುಣಿಸಬೇಕು. ಒಂದು ದಿನ ದೊಡ್ಡ ನಟನಿಗೆ ಜ್ವರ ಬಂತೆನ್ನಿ, ಆ ಗುಣುಗುಣು ಕೆಲಸಕ್ಕೆ ಬಂತು. ಬಾಲಪಾರ್ಟು, ಸಖಿ, ದೂತ, ಆಮೇಲೆ ನಾಯಕ: ಏಣಿಯ ಒಂದು ಮೆಟ್ಟಿಲೂ ತಪ್ಪುವಂತಿರಲಿಲ್ಲ. ಗಂಡಸರೇ ಸೀರೆಯುಡುತ್ತಿದ್ದ ಕಾಲದಲ್ಲಿ ವೀರಣ್ಣ ಹೆಣ್ಣುಮಕ್ಕಳನ್ನೂ ಈ ಏಣಿ ಹತ್ತಿಸಿದರು, ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಹೆಸರಾದದ್ದು ಹೀಗೆ.

ಆದರೆ ಇದನ್ನು ಗುರುಕುಲವೆಂದು ಹಾಡಿಹೊಗಳಿದರೆ ಅರ್ಧ ಸತ್ಯವಷ್ಟೇ. ಡೇರೆ ಸೇರಿದ ಮಕ್ಕಳು ಶಾಲೆಯ ಮುಖ ನೋಡಲಿಲ್ಲ. ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಎಳೆಯ ಪ್ರಾಯದಲ್ಲೇ ಶಾಲೆ ಬಿಟ್ಟು ಅಪ್ಪನ ಜತೆ ಬಣ್ಣ ಹಚ್ಚಿದ. ಮುಂದೆ ಆ ಹುಡುಗನ ಕನ್ನಡದ ಉಚ್ಚಾರಕ್ಕೆ ನಾಡೇ ತಲೆದೂಗಿತು ಎಂಬುದು ಬೇರೆ ಮಾತು. ಹಾಗೆ ಬೆಳಗಿದವರು ಕೆಲವರೇ. ಸಖಿಯ ಮೆಟ್ಟಿಲಲ್ಲೇ ನಿಂತುಹೋದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

1954ರಲ್ಲಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಿನಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಮುತ್ತುರಾಜನನ್ನು ರಾಜ್‌ಕುಮಾರ್ ಮಾಡಿದ್ದು ಈ ಚಿತ್ರದಲ್ಲೇ. ನಗಿಸಲು ನರಸಿಂಹರಾಜು ಇದ್ದರು. ಎಂಟರ ಎಳವೆಯಲ್ಲೇ ಗುಬ್ಬಿ ಕಂಪನಿ ಸೇರಿದ್ದ ಜಿ.ವಿ. ಅಯ್ಯರ್ ಕೂಡ ಇದ್ದರು. ಡೇರೆಯಲ್ಲಿ ಪಳಗಿದ ಕಂಠಗಳು ಹೀಗೆ ಕ್ಯಾಮೆರಾದ ಮುಂದೆ ಬಂದು ನಿಂತವು.

ಇತ್ತ ಕಾಶಿಯಲ್ಲಿ ಕಾರಂತರು ಎಂ.ಎ. ಜತೆಗೆ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿ, 1962ರಲ್ಲಿ ಪದವಿ ಪಡೆದರು. ಗುಬ್ಬಿಯ ಡೇರೆಗೆ ಮರಳಲಿಲ್ಲ. ಮರಳಿದ್ದು ಡೇರೆಯ ಸಂಗೀತ: ಆಧುನಿಕ ನಾಟಕದವರು ಹಳೆಯ ಸರಕೆಂದು ಮೂಗು ಮುರಿಯುತ್ತಿದ್ದ ಹಾಡನ್ನು ಕಾರಂತರು ‘ಹಯವದನ’, ‘ಜೋಕುಮಾರಸ್ವಾಮಿ’ಗಳ ನಟ್ಟನಡುವೆ ತಂದು ಕೂರಿಸಿದರು. 1977ರಲ್ಲಿ ಅದೇ ನಾಟಕ ಶಾಲೆಗೆ ನಿರ್ದೇಶಕರಾದರು. ಆಮೇಲೆ ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಎರಡೂ ಕಡೆ ಅವರು ಕಟ್ಟಿದ್ದು ಒಂದು ಬಗೆಯ ಕಂಪನಿಯನ್ನೇ: ಕಲಾವಿದರು ಒಟ್ಟಿಗಿದ್ದು, ಹಾಡಿ, ಕುಣಿದು, ದುಡಿದು ಕಲಿಯುವ ಜಾಗ. ಈ ಸಲ ಊಟ-ವಸತಿಯ ಚಿಂತೆ ಸರ್ಕಾರದ್ದಾಗಿತ್ತು, ಅಷ್ಟೆ ವ್ಯತ್ಯಾಸ.

ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ತಾತನ ಕಂಪನಿಯಲ್ಲಿ ಬಾಲನಟಿಯಾಗಿದ್ದು, ಮುಂದೆ ಅದೇ ದೆಹಲಿಯ ದಾರಿ ಹಿಡಿದರು. ಅಯ್ಯರ್ ಹಾಗೂ ಕಾರಂತರ ದಾರಿಗಳು ಸೇರಿದ್ದು ‘ವಂಶವೃಕ್ಷ’ದಲ್ಲಿ. 1971ರ ಈ ಚಿತ್ರಕ್ಕೆ ಅಯ್ಯರ್ ನಿರ್ಮಾಪಕರು. ಗಿರೀಶ ಕಾರ್ನಾಡರ ಜತೆ ಕಾರಂತರು ನಿರ್ದೇಶಕರು. ಕನ್ನಡದ ಹೊಸ ಅಲೆಯ ಚಿತ್ರವೆಂದು ಅದನ್ನು ಕೊಂಡಾಡಿದವರಲ್ಲಿ, ಅಯ್ಯರ್, ಕಾರಂತರಿಬ್ಬರೂ ಒಂದೇ ಡೇರೆಯಲ್ಲಿ ಪಳಗಿದವರು ಎಂಬುದನ್ನು ಎಷ್ಟು ಮಂದಿ ನೆನೆದರೋ. 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಆ ವರ್ಷವೇ ಅವರು ತೀರಿಕೊಂಡರು.