ಎರಡು ಭಾಷೆಗಳ ಒಂದು ಕಂಠ

ಗಾಯಕನಿಗೆ ಅನ್ನ ಕೊಡುವ ಭಾಷೆ ಒಂದು, ಅವನ ಮನೆಮಾತು ಇನ್ನೊಂದು ಆದಾಗ ಅವನ ಕಲೆ ಯಾವ ಕಡೆ ವಾಲಬೇಕು? ಹಿಂದೀ ಚಲಚ್ಚಿತ್ರ ಬೆಳೆದಂತೆ ಈ ಪ್ರಶ್ನೆ ನಮ್ಮ ದೇಶದ ಅನೇಕ ಗಾಯಕರ ಮುಂದೆ ಬಂದು ನಿಂತಿತು. ಮುಂಬಯಿಯ ಚಿತ್ರಶಾಲೆಗಳು ಬಂಗಾಳ, ಪಂಜಾಬ, ಮಹಾರಾಷ್ಟ್ರ, ಕರ್ನಾಟಕಗಳಿಂದ ಒಳ್ಳೆಯ ಕಂಠಗಳನ್ನು ತಮ್ಮೆಡೆಗೆ ಸೆಳೆದುಕೊಂಡವು. ಹೋದವರಲ್ಲಿ ಕೆಲವರ ತಾಯ್ನುಡಿ ಅವರ ಹಾಡಿನಿಂದ ಮರೆಯಾಯಿತು. ಮತ್ತೆ ಕೆಲವರು ಎರಡು ದಡಗಳನ್ನೂ ಬಿಡದೆ ಈಜಿದರು. ಈ ಎರಡನೆಯ ಪಂಕ್ತಿಯಲ್ಲಿ ಮೊದಲಿಗೆ ನೆನೆಯಬೇಕಾದವರು ಹೇಮಂತ ಮುಖೋಪಾಧ್ಯಾಯರು. ಹಿಂದೀ ಹಾಡಿನ ಅಭಿಮಾನಿಗಳಿಗೆ ಅವರು ಹೇಮಂತಕುಮಾರ್. ಬಂಗಾಳಿಗಳಿಗೆ ಬರಿಯ ಹೇಮಂತ. ಹೆಸರು ಎರಡಾದರೂ ಕಂಠ ಒಂದೇ.

ಹೇಮಂತರು ಹುಟ್ಟಿದ್ದು 1920ರಲ್ಲಿ, ಕಾಶಿಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ. ಎಂಜಿನಿಯರಿಂಗ್ ಓದಲು ಹೋಗಿ, ಅದನ್ನು ಅರ್ಧಕ್ಕೆ ಬಿಟ್ಟು ಹಾಡಿಗೆ ಒಲಿದರು. ಮುಂದೆ ಹೆಸರಾಂತ ಕವಿಯಾದ ಸುಭಾಷ ಮುಖೋಪಾಧ್ಯಾಯರು ಅವರ ಶಾಲೆಯ ಗೆಳೆಯರು. ಗೆಳೆಯನನ್ನು ಬಾನುಲಿ ನಿಲಯದ ಬಾಗಿಲಿಗೆ ಕರೆದೊಯ್ದವರು ಅವರೇ. 1937ರಲ್ಲಿ ಹೇಮಂತರ ಮೊದಲ ಧ್ವನಿಮುದ್ರಿಕೆ ಹೊರಬಿತ್ತು. ಚಲಚ್ಚಿತ್ರಕ್ಕೆ ಕಾಲಿಡುವ ಮೊದಲೇ ಬಾನುಲಿ ಮತ್ತು ತಟ್ಟೆಗಳ ಮೂಲಕ ಅವರ ಕಂಠ ಮನೆಗಳನ್ನು ಹೊಕ್ಕಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಬಂಗಾಳದಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಪ್ರತಿ ವರ್ಷ ಶರತ್ಕಾಲದ ದುರ್ಗಾಪೂಜೆಗೆ ಮನೆಗೆ ಹೊಸ ಬಟ್ಟೆ ಬರುವಂತೆ ಹೊಸ ಹಾಡುಗಳೂ ಬರುತ್ತಿದ್ದುವು. ಅವು ಚಿತ್ರಗೀತೆಗಳಲ್ಲ; ಪೂಜೆಗೆಂದೇ ಬರೆದು, ರಾಗ ಹಾಕಿ, ಮುದ್ರಿಸಿದ ಸ್ವತಂತ್ರ ಗೀತೆಗಳು. ಧ್ವನಿಮುದ್ರಿಕೆಯ ಕಂಪನಿಗಳು ಹಾಡಿನ ಸಾಹಿತ್ಯವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸುತ್ತಿದ್ದುವು. ಕವಿಗೂ ರಾಗ ಸಂಯೋಜಕನಿಗೂ ಗಾಯಕನಿಗೂ ಕಥೆಯ ಕಟ್ಟಿಲ್ಲದ, ನಟನ ತುಟಿಯ ಹಂಗಿಲ್ಲದ ಒಂದು ಅಂಗಳ ಇದರಿಂದ ದೊರೆಯಿತು.

ಆ ಅಂಗಳದಲ್ಲಿ ಏನು ಬೆಳೆಯಬಲ್ಲದೆಂಬುದಕ್ಕೆ 1949ರ ‘ಗಾಂಯೇರ್ ಬಧು’ ಸಾಕ್ಷಿ. ‘ಹಳ್ಳಿಯ ವಧು’ ಎಂದು ಅದರ ಅರ್ಥ. ರಚನೆಯೂ ರಾಗವೂ ಸಲಿಲ ಚೌಧುರಿಯವರದು. ನೆಮ್ಮದಿಯಿಂದ ಬಾಳುತ್ತಿದ್ದ ಒಂದು ಸಂಸಾರವನ್ನು ಬಂಗಾಳದ ಕ್ಷಾಮ ನುಂಗಿದ ಕಥೆ ಅದು. ಆಗಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಈ ಕಥೆ ಅಷ್ಟರಲ್ಲಿ ಮುಗಿಯುವಂಥದಲ್ಲ. ಆದ್ದರಿಂದ ಒಂದೇ ಹಾಡನ್ನು ಎರಡು ಮಗ್ಗುಲಿಗೂ ಹರಡಿದರು. ಕೇಳುವವರು ನಡುವೆ ಎದ್ದು ತಟ್ಟೆಯನ್ನು ಮಗುಚಿ ಹಾಕಿ ಉಳಿದ ದುಃಖವನ್ನು ಕೇಳಬೇಕಾಗಿತ್ತು, ಕೇಳಿದರು ಕೂಡ. 1943ರ ಹಸಿವನ್ನು ಕಣ್ಣಾರೆ ಕಂಡ ಜನಕ್ಕೆ ಅದು ತಮ್ಮ ಮನೆಯದೇ ಮಾತಾಗಿತ್ತು.

1952ರಲ್ಲಿ ‘ಆನಂದಮಠ’ ಚಿತ್ರದ ಸಂಗೀತ ನಿರ್ದೇಶಕರಾಗಿ ಹೇಮಂತರು ಮುಂಬಯಿಯಲ್ಲಿ ಹೆಸರು ಮಾಡಿದರು. ಅದೇ ವರ್ಷ ‘ಜಾಲ್’ ಚಿತ್ರದಲ್ಲಿ ಸಚಿನ್ ದೇವ ಬರ್ಮನ್ನರ ನಿರ್ದೇಶನದಲ್ಲಿ ದೇವಾನಂದರಿಗೆ ಕಂಠವಾದರು. 1954ರ ‘ನಾಗಿನ್’ ಅವರನ್ನು ಕೀರ್ತಿಯ ಶಿಖರಕ್ಕೇರಿಸಿತು. ಆ ಚಿತ್ರದಲ್ಲಿ ಹಾವಾಡಿಗನ ಪುಂಗಿಯೆಂದು ಊರೂರೇ ತಲೆದೂಗಿದ ನಾದ ನಿಜವಾಗಿ ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದ್ದು. ನುಡಿಸಿದವರು ಮುಂದೆ ತಾವೇ ಸಂಗೀತ ನಿರ್ದೇಶಕರಾದ ಕಲ್ಯಾಣಜೀ.

ಇಷ್ಟು ಗೆದ್ದವನು ಅಲ್ಲಿಯೇ ಉಳಿದುಬಿಡುವುದು ಲೋಕರೂಢಿ. ಹೇಮಂತರು ಹಾಗೆ ಮಾಡಲಿಲ್ಲ. 1955ರಲ್ಲಿಯೇ ‘ಶಾಪಮೋಚನ’ ಎಂಬ ಬಂಗಾಳೀ ಚಿತ್ರಕ್ಕೆ ಸಂಗೀತವಿತ್ತು, ಉತ್ತಮಕುಮಾರರಿಗಾಗಿ ಹಾಡಿದರು. ಅಲ್ಲಿಂದ ಎರಡು ನಗರಗಳ ನಡುವಣ ಅವರ ಓಡಾಟ ನಿಲ್ಲಲಿಲ್ಲ. ಅವರೊಡನೆ ರಾಗಗಳೂ ಪಯಣ ಮಾಡಿದುವು. 1959ರ ‘ದೀಪ್ ಜ್ವೇಲೆ ಜಾಯ್’ ಚಿತ್ರಕ್ಕಾಗಿ ಅವರು ಕಟ್ಟಿ ಹಾಡಿದ ಒಂದು ಇರುಳಿನ ಹಾಡಿನ ಧಾಟಿಯೇ 1964ರ ಹಿಂದೀ ಚಿತ್ರ ‘ಕೊಹರಾ’ದಲ್ಲಿ ಅವರದೇ ಕಂಠದಲ್ಲಿ ಮತ್ತೆ ಕೇಳಿಸಿತು. ಆ ಬಂಗಾಳೀ ಚಿತ್ರವೇ 1969ರಲ್ಲಿ ‘ಖಾಮೋಶಿ’ ಎಂದು ಹಿಂದಿಗೆ ಬಂತು, ಸಂಗೀತ ಅವರದೇ.

ಇವೆಲ್ಲದರ ಜೊತೆಗೆ ಅವರು ರವೀಂದ್ರಸಂಗೀತವನ್ನು ಕೈಬಿಡಲಿಲ್ಲ. ಚಿತ್ರಗೀತೆಯಲ್ಲಿ ನಿರ್ಮಾಪಕನ ಇಷ್ಟದಂತೆ ರಾಗವನ್ನು ಬಾಗಿಸಬಹುದು. ರವೀಂದ್ರರ ಹಾಡಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಆಗ ಸ್ವರಲಿಪಿಗೆ ತಪ್ಪದೆ ಹಾಡಬೇಕಾಗಿತ್ತು, ಮುದ್ರಣಕ್ಕೆ ವಿಶ್ವಭಾರತಿಯ ಒಪ್ಪಿಗೆ ಬೇಕಾಗಿತ್ತು. ಬೆಳಗ್ಗೆ ಸಂತೆಗೆ, ಸಂಜೆ ಗುಡಿಗೆ ಹೋಗುವವನಂತೆ ಅವರು ಎರಡನ್ನೂ ನಡೆಸಿದರು. ‘ನಾಗಿನ್’ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ತಂದಿತು. ಆದರೆ ಗಾಯಕರಾಗಿ ಅವರು ಪಡೆದ ಎರಡು ರಾಷ್ಟ್ರಪ್ರಶಸ್ತಿಗಳೂ ಬಂಗಾಳೀ ಚಿತ್ರಗಳಿಗೆ: 1971ರ ‘ನಿಮಂತ್ರಣ’, 1986ರ ‘ಲಾಲನ್ ಫಕೀರ್’. 1989ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು.

ಇದಕ್ಕೆ ಎದುರು ದಿಕ್ಕಿನ ಪಯಣಿಗರು ತಲತ್ ಮಹಮೂದರು. ಲಖನೌದ ಉರ್ದುವಿನಲ್ಲಿ ಬೆಳೆದ ಅವರು ಕಲ್ಕತ್ತೆಗೆ ಬಂದು, ತಪನ್ ಕುಮಾರ್ ಎಂಬ ಹೆಸರಿನಲ್ಲಿ ಬಂಗಾಳೀ ಗೀತೆಗಳನ್ನು ಹಾಡಿದರು. ಮುಂಬಯಿಯಲ್ಲಿ ಚಿತ್ರಗಾಯಕರಾಗಿ ಬೆಳಗಿದ ಮೇಲೂ ಚಿತ್ರಕ್ಕೆ ಸೇರದ ಗಜಲುಗಳನ್ನು ಬಿಡಲಿಲ್ಲ.

ನಮ್ಮ ನಾಡಿನ ಕಡೆ ನೋಡೋಣ. ವಿಜಾಪುರ ಸೀಮೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ತಮ್ಮ ಹೆಸರಿನಲ್ಲಿಯೇ ಅವರು ನಾಡನ್ನು ಹೊತ್ತು ನಡೆದರು. ಅವರು ಕನ್ನಡದಲ್ಲಿಯೂ ಹಾಡಿದವರು. ಆದರೆ ಅವರ ಹಿಂದೀ ಹಾಡುಗಳನ್ನು ಗುನುಗುವ ನಮ್ಮಲ್ಲಿ ಅವರ ಕನ್ನಡದ ಹಾಡನ್ನು ಬಲ್ಲವರು ಎಷ್ಟು ಮಂದಿ? ಕಂಠಕ್ಕೆ ಕೊರತೆಯಿರಲಿಲ್ಲ, ವರ್ಷ ವರ್ಷವೂ ಹೊಸ ಹಾಡಿಗಾಗಿ ಕಾದು ಕೂರುವ ಪೂಜೆಯ ಹಬ್ಬ ನಮ್ಮಲ್ಲಿರಲಿಲ್ಲ.

ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದ್ದು ಭಾವಗೀತೆ ಮತ್ತು ಬಾನುಲಿ. ಕಾಳಿಂಗರಾಯರಂಥವರು ಕವಿಗಳ ರಚನೆಗಳನ್ನು ಪುಸ್ತಕದಿಂದ ಜನರ ನಾಲಗೆಗೆ ತಂದರು. 1952ರಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಕೇಳುಗರು ಮುನಿದು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧಭಾರತಿ ಅವರನ್ನು ಮರಳಿ ಕರೆಯಿತು. ಆದರೂ ಆ ನಡುವೆ ನಿಲಯಗಳಲ್ಲಿ ಬೇರೂರಿದ ಸುಗಮ ಸಂಗೀತ ದೇಶಭಾಷೆಗಳಿಗೆ ಒಂದು ಆಸರೆಯಾಯಿತೆಂಬುದನ್ನು ಮರೆಯಲಾಗದು.

ದೇಸಿ ಮಾರ್ಗಗಳೆರಡನ್ನೂ ಹದವಾಗಿ ಬೆರೆಸಿದ್ದರಿಂದಲೇ ಪಂಪನ ಕಾವ್ಯ ಬಾಳಿತೆಂದು ಕನ್ನಡದ ಪಾಠದಲ್ಲಿ ಹೇಳುತ್ತೇವೆ. ಹಾಡುಗಾರಿಕೆಗೂ ಆ ಮಾತು ಸಲ್ಲುತ್ತದೆ. ಹೆದ್ದಾರಿಯಲ್ಲಿ ನಡೆದವನು ಊರಿನ ಕಾಲುದಾರಿಗೆ ಮರಳುವುದು ಅವನೊಬ್ಬನ ನಿಷ್ಠೆಯಿಂದ ಆಗುವ ಕೆಲಸವಲ್ಲ. ಆ ದಾರಿಯ ಕೊನೆಯಲ್ಲಿ ದೀಪ ಹಚ್ಚಿಟ್ಟ ಮನೆಯಿರಬೇಕು. ಹೇಮಂತರಿಗೆ ಬಂಗಾಳದ ಕೇಳುಗರು ಆ ದೀಪ ಹಚ್ಚಿಟ್ಟಿದ್ದರು. ನಮ್ಮ ಗಾಯಕರಿಗೆ ಅದನ್ನು ಹಚ್ಚಬೇಕಾದವರು ನಾವೇ.