ರಾಣಿಯರ ಹೆಸರಿನ ನೀರು

ಹೋದ ದಸರಾ ಸೂಟಿಗೆ ನನ್ನ ತಂಗಿ ಮಗಳನ್ನ ವಿಜಾಪುರ ತೋರಿಸಾಕ ಕರಕೊಂಡು ಹೋಗಿದ್ದೆ. ನನ್ನ ತವರೂರು, ಆಕಿ ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು. ಮೊದಲ ಗೋಳಗುಮ್ಮಟ. ಅದನ್ನ ನೋಡದ ನಮ್ಮ ಮಂದಿ ಯಾರಿದ್ದಾರ ಹೇಳ್ರಿ? ಮ್ಯಾಲ ಹತ್ತಿ ಕೂಗಿ, ಗ್ವಾಡಿಗೆ ಕಿವಿ ಹಚ್ಚಿ, ಫೋಟೋ ಹೊಡಕೊಂಡು ಕೆಳಗ ಬಂದ್ವಿ. ನಡುವ ಗೋರಿಗಳು ಅದಾವಲ್ಲ, ಮಹಮ್ಮದ್ ಆದಿಲ್ ಷಾಂದು, ಅವನ ಇಬ್ಬರು ಬೇಗಮ್‌ರದು, ರಂಭಾಂದು, ಮಗಳದು, ಮೊಮ್ಮಗಂದು. ಹುಡುಗಿ ಕೇಳಿದ್ಲು, "ದೊಡ್ಡವ್ವಾ, ರಾಜ ಇಷ್ಟು ದೊಡ್ಡದು ಕಟ್ಟಿಸಿದ. ಈ ಹೆಂಗಸರದು ಏನೈತಿ ಈ ಊರಾಗ?"

ನನಗ ಥಟ್ಟನೆ ಉತ್ತರ ಹೊಳೀಲಿಲ್ಲ. ನೆನಪಾದದ್ದು ಊರಾಚೆಯ ಸಾಠ್ ಕಬರ್. ಅಫ್ಜಲ್ ಖಾನ ಶಿವಾಜಿ ಮ್ಯಾಲ ಹೋಗೂ ಮುಂದ, ತಿರುಗಿ ಬರಂಗಿಲ್ಲ ಅಂತ ಜೋಯಿಸರು ಹೇಳಿದ್ದಕ್ಕ ತನ್ನ ಹೆಂಡಂದಿರನ್ನೆಲ್ಲ ಕೊಂದು ಹೂಳಿಸಿದ ಅಂತಾರ. ಅದು ಕಥಿ. ಆದ್ರ ಸಾಲು ಸಾಲು ಗೋರಿ ಕಣ್ಣಿಗೆ ಕಾಣ್ತಾವ. ಆ ಎಳೆ ಹುಡುಗಿಗೆ ಅದನ್ನ ಹೇಳಾಕ ಬಾಯಿ ಬರಲಿಲ್ಲ.

ಮರುದಿನ ತಾಜ್ ಬಾವಡಿಗೆ ಹೋದ್ವಿ. ಎರಡನೇ ಇಬ್ರಾಹಿಂ ಆದಿಲ್ ಷಾನ ರಾಣಿ ತಾಜ್ ಸುಲ್ತಾನಾ ಹೆಸರಿನಾಗ 1620ರಾಗ ಮಲಿಕ್ ಸಂದಲ್ ಕಟ್ಟಿಸಿದ್ದು. ಬಾವಿ ಅನ್ನಬಾರದು, ಕೆರಿನ ಅನ್ನಬೇಕು. ಒಂದೊಂದು ಮಗ್ಗಲು ಸುಮಾರು 223 ಅಡಿ. ಬಾಗಿಲಿಗೆ ದೊಡ್ಡ ಕಮಾನು, ಎರಡೂ ಕಡೆ ಬುರುಜು, ಬಂದವರು ದಣಿವಾರಿಸಿಕೊಳ್ಳಾಕ ಕೋಣಿ. ಇದಕ್ಕಿಂತ ಮೊದಲಿನದು ಚಾಂದ್ ಬಾವಡಿ. ಆ ಹೆಸರು ಚಾಂದ್ ಬೀಬಿಯದು, ಮುಂದ ಅಹಮದ್‌ನಗರದ ಕೋಟಿ ಕಾಯಲಿಕ್ಕೆ ಮೊಗಲರ ಎದುರು ನಿಂತಾಕಿ. ಊರ ದಕ್ಷಿಣಕ್ಕ ಬೇಗಂ ತಲಾಬ, 1651ರದು, ಜಹಾನ್ ಬೇಗಮ್‌ಳ ಹೆಸರಿನದು. ಆಕಿ ಗೋರಿ ಐನಾಪುರದಾಗ ಅರ್ಧಕ್ಕ ನಿಂತು ಹೋಗೇತಿ, ಕೆರಿ ಮಾತ್ರ ಪೂರಾ ಆತು.

ಆ ಕೆರಿ ನೀರನ್ನ ಮಣ್ಣಿನ ಕೊಳವಿಯಾಗ ಊರ ತನಕ ತಂದಿದ್ದರು. ನಡುನಡುವ ಎತ್ತರದ ಗಂಜ್‌ಗಳು, ಅಂದ್ರ ನೀರಿನ ಗೋಪುರ. ಒತ್ತಡಕ್ಕ ಕೊಳವಿ ಒಡೀಬಾರದು, ರಾಡಿ ಅಲ್ಲೇ ತಳಕ್ಕ ಕೂಡಬೇಕು ಅಂತ. ನಾವು ಹಂಡೇದಾಗ ನೀರು ತಿಳಿ ಆಗಲಿ ಅಂತ ಬಿಡ್ತೀವಲ್ಲ, ಹಂಗ. ಈಗಲೂ ಕೆಲವು ಗಂಜ್ ನಿಂತಾವ, ಮಂದಿ ಏನೋ ಹಳೇ ಬುರುಜು ಅನ್ಕೊಂಡು ಮುಂದ ಹೋಗ್ತಾರ.

ನಾನು ಚಿಕ್ಕಾಕಿ ಇದ್ದಾಗ ನಮ್ಮ ಓಣಿಗೆ ನಳ ವಾರಕ್ಕೊಮ್ಮೆ ಬರ್ತಿತ್ತು. ನಮ್ಮವ್ವ ಅರಿವಿ ಒಗೀಲಿಕ್ಕೆ ಈ ಬಾವಡಿಗೇ ಬರ್ತಿದ್ಲು. ನಳ ಸುಧಾರಿಸಿದ ಮ್ಯಾಲ ಬಾವಡಿ ಕಡೆ ಯಾರೂ ನೋಡಲಿಲ್ಲ. ಹೂವು, ಪ್ಲಾಸ್ಟಿಕ್, ಒಡೆದ ಮೂರ್ತಿ, ಎಲ್ಲ ಅದರಾಗ ಬಿತ್ತು. ಆ ಹೊಲಸು ಹಾಕಿದವರು ನಾವೇ, ಮೊಗಲರಲ್ಲ. ಹಿಂದಿನ ವರ್ಷಗಳಾಗ ಹೂಳು ತಗದು ಸ್ವಚ್ಛ ಮಾಡ್ಯಾರ, ನೋಡಿ ಜೀವಕ್ಕ ತಂಪಾತು.

ಹುಡುಗಿ ಮೆಟ್ಟಿಲ ನೋಡಿ, "ಆಯಿ ಇಷ್ಟು ಹತ್ತಿಳೀತಿದ್ಲಾ? ಎಷ್ಟದಾವ?" ಅಂದ್ಲು. ಅಲ್ಲಿಂದಲೇ ನಮ್ಮವ್ವಗ ಫೋನ್ ಹಚ್ಚಿದ್ವಿ.

"ತಲಿ ಮ್ಯಾಲ ಹಸಿ ಅರಿವಿ ಗಂಟು ಇದ್ದಾಗ ಮೆಟ್ಟಲ ಯಾರ ಎಣಸ್ತಾರವ್ವಾ," ಅಂದ್ಲು ಆಕಿ. ಆಮ್ಯಾಲ ಕೇಳಿದ್ಲು, "ನೀರ ಅದಾವೇನ ಈಗ?"